ಮೆಟ್ಟಿಲಿಗೆ ಅಡ್ಡ ಬಂದ ಕುರ್ಚಿ

ಸುಳ್ಳು ಹೇಳುವುದಾದರೆ ಬಾಗಿಲನ್ನು ಅಷ್ಟಗಲ ತೆರೆದು ಹೇಳಬಾರದಿತ್ತು ಎಂದು ಮೇಷ್ಟ್ರಿಗೆ ಹೊಳೆದದ್ದು ಸುಳ್ಳು ಹೇಳಿ ಮುಗಿಸಿ, ಬಾಗಿಲು ಹಾಕಿ, ಮತ್ತೆ ಕನ್ನಡಿಯ ಮುಂದೆ ಬಂದು ನಿಂತ ಮೇಲೆ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಬಾಗಿಲು ತಟ್ಟಿದವನು ಎದುರು ಮನೆಯ ಲಾಂಡ್ರಿಯವನು. ಎಲ್ಲಿಂದಲೋ ಈ ದೇಶಕ್ಕೆ ಬಂದು, ಕೆಳಗೆ ಲಾಂಡ್ರಿ ಇಟ್ಟುಕೊಂಡು, ಮೇಲೆ ಹೆಂಡತಿ, ಮಗಳು, ಮುದಿ ತಾಯಿಯ ಜೊತೆ ಇರುವವನು. ಬಂದು ಇನ್ನೂ ವರ್ಷ ತುಂಬಿಲ್ಲ. 'ಅಣ್ಣ, ಒಂದು ಕುರ್ಚಿ ಬೇಕಿತ್ತು' ಎಂದಿದ್ದ. ಅಷ್ಟೇ. ಯಾಕೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಕೇಳಲು ಪುರುಸೊತ್ತು ಎಲ್ಲಿತ್ತು, ಸಂಜೆಯ ಸಭೆಯ ಮಾತು ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಹೋದ ವಾರ ಏಣಿ ಕೇಳಿದ್ದ, ಅದಕ್ಕೂ ಮುಂಚೆ ಸುತ್ತಿಗೆ. ಏಣಿ ವಾಪಸ್ ಬಂದಾಗ ಒರೆಸಿ ಚೊಕ್ಕಟ ಮಾಡಿ ತಂದಿದ್ದ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ, ಕೇಳಿದ್ದಷ್ಟೇ ನೆನಪಾಯಿತು. 'ಕುರ್ಚಿಗಳೆಲ್ಲ ಶಾಲೆಗೆ ಹೋಗಿವೆಯಪ್ಪ, ಇವತ್ತು ಸಭೆ ಇದೆಯಲ್ಲ' ಎಂದುಬಿಟ್ಟರು. ನಾಲಿಗೆ ಹೇಗೆ ಹೊರಳಿತೋ. ಅವರ ಬೆನ್ನ ಹಿಂದೆ ಊಟದ ಮೇಜಿನ ಸುತ್ತ ಆರು ಕುರ್ಚಿಗಳು ಒತ್ತಾಗಿ ನಿಂತಿದ್ದವು. ಲಾಂಡ್ರಿಯವನ ಕಣ್ಣು ಇವರ ಹೆಗಲ ಮೇಲಿಂದ ಹಾದು ಒಳಗೆ ಹೋಗಿ, ಒಂದು ಗಳಿಗೆ ಅಲ್ಲಿ ನಿಂತು, ಮತ್ತೆ ಇವರ ಮುಖಕ್ಕೆ ಬಂತು. 'ಆಗಲಿ ಅಣ್ಣ' ಎಂದು ಮೆಟ್ಟಿಲಿಳಿದು ಹೋದ. ಒಂದು ಕುರ್ಚಿ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಏನೂ ಹೋಗುತ್ತಿರಲಿಲ್ಲ.

'ಯಾರ್ರೀ ಅದು?' ಅಡುಗೆಮನೆಯಿಂದ ಹೆಂಡತಿ ಕೂಗಿದಳು. 'ಯಾರೂ ಇಲ್ಲ' ಎಂದರು. ಒಂದು ಸುಳ್ಳಿಗೆ ಇನ್ನೊಂದು ಜೊತೆ. ಒಳಕೋಣೆಯಿಂದ ಅಮ್ಮ ತನ್ನ ಮನೆಮಾತಿನಲ್ಲಿ, ಅಂದರೆ ಈ ಬೀದಿಯಲ್ಲಿ ಮತ್ತಾರಿಗೂ ಬಾರದ ಮಾತಿನಲ್ಲಿ, ಕೆಮ್ಮಿನ ನಡುವೆಯೇ ಕೇಳಿದಳು: 'ಯಾರೂ ಇಲ್ದಿದ್ರೆ ಕುರ್ಚಿ ಇಲ್ಲ ಅಂತ ಯಾರಿಗೋ ಹೇಳ್ದೆ, ಗೋಡೆಗಾ?' ಮುದುಕಿಗೆ ಕಣ್ಣು ಮಂಜಾಗಿದೆ, ಮಂಡಿ ಹೋಗಿದೆ, ಕಿವಿ ಮಾತ್ರ ಬೆಕ್ಕಿನ ಕಿವಿ. ಮೇಷ್ಟ್ರು ಮತ್ತೆ ರೇಜರು ಎತ್ತಿಕೊಂಡರು. ಉಳಿದ ಕೆನ್ನೆಯನ್ನು ಕೆರೆಯುವಾಗ ಗದ್ದದ ಹತ್ತಿರ ಗಾಯವಾಯಿತು. ಸಣ್ಣವರಿದ್ದಾಗ ಬೀದಿಯಲ್ಲಿ ಆಡುತ್ತಿದ್ದರೆ ಇದೇ ಅಮ್ಮ ಇದೇ ಕಿಟಕಿಯಿಂದ ಇದೇ ಮಾತಿನಲ್ಲಿ ಊಟಕ್ಕೆ ಕರೆಯುತ್ತಿದ್ದಳು, ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ. 'ಯಾರನ್ನೋ ಕರೀತಿರೋದು?' ಎಂದು ಗೆಳೆಯರು ಕೇಳಿದರೆ 'ಯಾರನ್ನೂ ಅಲ್ಲ' ಎಂದು ಚೆಂಡು ಒದೆಯುತ್ತಿದ್ದರು. ಹೊಟ್ಟೆ ಹಸಿದು ಕರುಳು ಚುರುಗುಟ್ಟುತ್ತಿದ್ದರೂ ಅವಳು ಕಿಟಕಿ ಮುಚ್ಚುವವರೆಗೆ ಕಾಯುತ್ತಿದ್ದರು. ಆ ಹುಡುಗನ ಜಾಣತನ ಇನ್ನೂ ಹೋಗಿಲ್ಲವಲ್ಲ ಎಂದು ಕನ್ನಡಿಯಲ್ಲಿ ರಕ್ತ ಒರೆಸಿಕೊಳ್ಳುತ್ತ ನೋಡಿದರು. ಗಾಯಕ್ಕೆ ಕಾಗದದ ಚೂರು ಅಂಟಿಸಿಕೊಂಡು ಅಂಗಿ ಹಾಕಿಕೊಂಡರು.

ಸಂಜೆಯ ಸಭೆ ಸಣ್ಣ ಸಭೆಯಲ್ಲ. ಈ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯವರು ಬಾಗಿಲ ಮುಂದೆ ಒಂದು ಖಾಲಿ ಕುರ್ಚಿ ಇಡುತ್ತಾರೆ. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ಬಾಗಿಲಿಗೆ ಒಂದೊಂದು ಇಡುತ್ತಾರೆ. ಗಾಡಿ ಬಂದು ಹೆಣ ಹೋಗುವವರೆಗೆ ಯಾರೂ ಕೂರುವಂತಿಲ್ಲ. ದಾರಿಯಲ್ಲಿ ಹೋಗುವವರು ಕುರ್ಚಿಯ ಮುಂದೆ ಒಂದು ಗಳಿಗೆ ತಲೆ ಬಾಗಿಸಿ ಮುಂದೆ ಹೋಗಬೇಕು. ಗಾಡಿ ಹೋದ ಮೇಲೆ ಕತ್ತಲಾಗುವವರೆಗೆ ಯಾರು ಯಾರ ಕುರ್ಚಿಯಲ್ಲಾದರೂ ಕೂತು ಸತ್ತವರ ಬಗ್ಗೆ ಮಾತಾಡಬಹುದು. ಊರಿನಲ್ಲಿ ಬೇರೆಲ್ಲೂ ಇಲ್ಲದ ಪದ್ಧತಿ. ಸಂಸ್ಕೃತಿ ಇಲಾಖೆಯವರ ಕಿವಿಗೆ ಬಿದ್ದು, ಬೀದಿಯ ಮೂಲೆಯಲ್ಲಿ ಕಲ್ಲಿನದೊಂದು ಕುರ್ಚಿ ಮಾಡಿಸಿ ಫಲಕ ಹಾಕಿಸುವುದೆಂದು ಆಗಿದೆ. ಅಧಿಕಾರಿ ಇವತ್ತು ಬರುತ್ತಾಳೆ. ಅವಳು ಬೇರೆ ಯಾರೂ ಅಲ್ಲ, ಮೇಷ್ಟ್ರ ಹಳೆಯ ವಿದ್ಯಾರ್ಥಿನಿ, ಮುಂದಿನ ಬೆಂಚಿನಲ್ಲಿ ಕೂತು ಇವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದವಳು. ಈ ಮಣ್ಣಿನ ಮಕ್ಕಳು ತಲೆತಲಾಂತರದಿಂದ ನಡೆಸಿಕೊಂಡು ಬಂದದ್ದು ಎಂದು ಇತಿಹಾಸದ ಪಾಠದಲ್ಲಿ ಅವಳಿಗೆ ಹೇಳಿಕೊಟ್ಟವರು ಇವರೇ. ಇವತ್ತು ಅದನ್ನೇ ಬೀದಿಯ ಹಿರಿಯರಾಗಿ ಮತ್ತೊಮ್ಮೆ ಹೇಳಬೇಕು.

ಬೀದಿಗಿಳಿದಾಗ ಬಿಸಿಲು ಆಗಲೇ ಏರಿತ್ತು. ಲಾಂಡ್ರಿಯ ಬಾಗಿಲು ಅರ್ಧ ಎಳೆದಿತ್ತು. ಹೊಸ್ತಿಲಿಗೆ ಸರಿಯಾಗಿ, ದಾರಿಯ ಮೇಲೆ, ಬಟ್ಟೆ ತುಂಬುವ ದೊಡ್ಡ ಬುಟ್ಟಿಯೊಂದನ್ನು ಬೋರಲು ಹಾಕಿದ್ದರು. ಅದರ ಮೇಲೆ ಇಸ್ತ್ರಿ ಮಾಡಿ ಮಡಿಸಿದ ಬಿಳಿಯ ಬಟ್ಟೆ. ಇವತ್ತಾದರೂ ಬೀದಿ ನೆಟ್ಟಗಿರಬಾರದೇ ಎಂದು ಮೇಷ್ಟ್ರಿಗೆ ಸಿಟ್ಟು ಬಂತು. ಬೆಳಗಿನ ಸುಳ್ಳಿನ ಕಸಿವಿಸಿಯೂ ಆ ಸಿಟ್ಟಿನೊಳಗೆ ಸೇರಿಕೊಂಡು ಅದನ್ನು ಇನ್ನಷ್ಟು ನ್ಯಾಯವಾಗಿ ಕಾಣಿಸಿತು. ತಪ್ಪು ಮಾಡಿದವನಿಗೆ ಎದುರಿನವನ ತಪ್ಪು ಸಿಕ್ಕಿದರೆ ಆಗುವ ಸಮಾಧಾನ ಯಾವ ಔಷಧಿಯಿಂದಲೂ ಆಗುವುದಿಲ್ಲ. ಬಗ್ಗಿ ಎತ್ತಿಡುವ ಬದಲು ಕಾಲಿನಿಂದಲೇ ಬುಟ್ಟಿಯನ್ನು ಗೋಡೆಯ ಕಡೆ ತಳ್ಳಿದರು. ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಅದನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಬುಟ್ಟಿಯ ಮೇಲೆ ಹಾಕಿ, ಆಚೆ ಈಚೆ ನೋಡಿ, ಬೇಕರಿಯ ಕಡೆ ನಡೆದರು.

ಬೇಕರಿಯಮ್ಮ ತಟ್ಟೆಗಳಿಗೆ ಬಿಸ್ಕತ್ತು ಜೋಡಿಸುತ್ತಿದ್ದವಳು ಇವರನ್ನು ಕಂಡದ್ದೇ ಶುರುಮಾಡಿದಳು. 'ಕೇಳಿದ್ರಾ ಮೇಷ್ಟ್ರೇ, ಲಾಂಡ್ರಿಯವನ ತಾಯಿ ಹೋಗ್ಬಿಟ್ರಂತೆ ಪಾಪ. ಬೆಳಗಿನ ಜಾವ. ಸಂಜೆ ಗಾಡಿ ಬರುತ್ತಂತೆ.' ಮೇಷ್ಟ್ರ ಕೈ ಗದ್ದದ ಕಾಗದದ ಚೂರಿಗೆ ಹೋಯಿತು. 'ನಾನೇ ಹೋಗಿ ಹೇಳ್ದೆ ಅವನಿಗೆ. ನೋಡಪ್ಪಾ, ನಮ್ಮ ಬೀದೀಲಿ ಹೀಗ್ಹೀಗೆ, ಮನೆಯವರು ಮೊದಲು ಒಂದು ಕುರ್ಚಿ ಇಡಬೇಕು, ಆಮೇಲೆ ನಾವೆಲ್ಲ ಇಡ್ತೀವಿ ಅಂತ. ಅರ್ಥ ಆಯ್ತಕ್ಕಾ ಅಂತ ತಲೆ ಆಡಿಸ್ದ. ನಾನೂ ನೋಡ್ತಾನೇ ಇದೀನಿ, ಎಲ್ಲಿ ಇಟ್ಟ? ಯಾವುದೋ ಬುಟ್ಟಿ ತಂದು ಮಗುಚಿ ಹಾಕಿದ್ದ, ಈಗ ಅದನ್ನೂ ಮೂಲೆಗೆ ಸರಿಸಿದ್ದಾನೆ. ಒಂದು ಕುರ್ಚಿ ಇಡೋಕೂ ಆಗಲ್ವಾ ಅಂತೀನಿ.' 'ಕುರ್ಚಿ ಇಲ್ಲವೋ ಏನೋ' ಎಂದರು ಮೇಷ್ಟ್ರು. 'ಇಲ್ದಿದ್ರೆ ಯಾರನ್ನಾದ್ರೂ ಕೇಳಬೇಕಪ್ಪ! ನಾವೆಲ್ಲ ಇಲ್ವಾ? ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತಾರೆ. ನೀವೇ ಎದುರು ಮನೇಲಿ ಇದೀರಿ, ನಿಮ್ಮನ್ನ ಕೇಳಿದ್ರೆ ಇಲ್ಲ ಅಂತಿದ್ರಾ?' ಅವಳು ಸುಮ್ಮನೆ ಆಡಿದ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮೇಷ್ಟ್ರು ಕೇಳಿದ್ದಕ್ಕಿಂತ ಹೆಚ್ಚು ಉತ್ತರ ಕೊಟ್ಟರು: 'ನಾನು ಮನೆಯಲ್ಲೇ ಇರಲಿಲ್ಲ, ಬೆಳಗ್ಗೆಯೇ ಹೊರಗೆ ಹೋಗಿದ್ದೆ.' ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಬಿಸ್ಕತ್ತು ಎಣಿಸುವುದರಲ್ಲಿದ್ದಳು.

ಹೊರಗೆ ಬಂದಾಗ ಬುಟ್ಟಿ ಗೋಡೆಗೆ ಒರಗಿ ಓರೆಯಾಗಿ ಕೂತಿತ್ತು. ಅದು ಬುಟ್ಟಿಯಲ್ಲ. ಅದು ಕುರ್ಚಿ. ಮನೆಯಲ್ಲಿ ಕುರ್ಚಿಯಿಲ್ಲದವನು, ಎದುರು ಮನೆಯಲ್ಲಿ ಇಲ್ಲವೆನ್ನಿಸಿಕೊಂಡವನು, ಇದ್ದದ್ದನ್ನು ಬೋರಲು ಹಾಕಿ, ಒಳ್ಳೆಯ ಬಟ್ಟೆ ಹೊದಿಸಿ, ಇವರ ಬೀದಿಯ ಮರ್ಯಾದೆಗೆ ಇಟ್ಟದ್ದು. ಅದನ್ನು ಇವರು ಕಾಲಿನಿಂದ ಒದ್ದಿದ್ದರು. ಈಗ ಹೋಗಿ ಎತ್ತಿಡಬಹುದು, ಎರಡು ಹೆಜ್ಜೆ. ಆದರೆ ಅರ್ಧ ಎಳೆದ ಬಾಗಿಲ ಹಿಂದೆ ಯಾರದೋ ಪಾದಗಳು ಕಾಣುತ್ತಿದ್ದವು, ಅಳುವುದೋ ಮಾತಾಡುವುದೋ ತಿಳಿಯದ ಸಣ್ಣ ದನಿ ಬರುತ್ತಿತ್ತು. ಎತ್ತಿಡುವಾಗ ಅವನು ಹೊರಗೆ ಬಂದರೆ? ತಳ್ಳುವಾಗಲೇ ಒಳಗಿನಿಂದ ನೋಡಿದ್ದರೆ? ಈಗ ಮನೆಯಿಂದ ಕುರ್ಚಿ ತಂದರೆ ಬೆಳಗ್ಗೆ ಇಲ್ಲದ್ದು ಈಗೆಲ್ಲಿಂದ ಬಂತು? ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ಇಪ್ಪತ್ತನಾಲ್ಕು ಕಾಲಿದ್ದವು, ಎಲ್ಲವೂ ಊಟದ ಮೇಜಿನ ಸುತ್ತ. ಮೇಷ್ಟ್ರು ತಲೆ ತಗ್ಗಿಸಿ ಶಾಲೆಯ ಕಡೆ ಹೋದರು.

ಶಾಲೆಯ ಸಭಾಂಗಣದಲ್ಲಿ ಬೀದಿಯ ಸಂಘದ ಅಧ್ಯಕ್ಷರಾದ ಔಷಧಿ ಅಂಗಡಿಯವರು ಕುರ್ಚಿ ಸಾಲು ಹಾಕಿಸುತ್ತಿದ್ದರು. ನಿಜವಾಗಿಯೂ ಶಾಲೆಗೆ ಬಂದ ಕುರ್ಚಿಗಳು ಇವು, ಮದುವೆ ಮುಂಜಿಗೆ ಬಾಡಿಗೆ ಕೊಡುವವನಿಂದ ತರಿಸಿದ್ದು. 'ಇವತ್ತೇ ಆಗಬೇಕಾ ಮೇಷ್ಟ್ರೇ?' ಎಂದರು ಅವರು. 'ಅಧಿಕಾರಿ ಬರೋ ದಿನ ಬೀದೀಲಿ ಸಾವು, ಒಂದು ಕುರ್ಚಿ ಹೊರಗೆ ಕಾಣಲ್ಲ. ಅವರು ಇಡದೆ ನಾವು ಇಡೋ ಹಾಗಿಲ್ಲ, ನಾವು ಇಡದೆ ಅವಳು ಏನು ನೋಡ್ತಾಳೆ? ಹೊರಗಿನಿಂದ ಬಂದವರಿಗೆ ಇಲ್ಲಿನ ಅನ್ನ ಬೇಕು, ಇಲ್ಲಿನ ನೀರು ಬೇಕು, ಇಲ್ಲಿನ ರೀತಿ ನೀತಿ ಬೇಡ. ನೀವು ಮಾತಾಡುವಾಗ ಇದನ್ನೂ ಒಂದು ಸಲ ಹೇಳಿಬಿಡಿ, ನಿಮ್ಮ ಬಾಯಲ್ಲಿ ಬಂದ್ರೆ ತೂಕ ಇರುತ್ತೆ. ನೀವು ಇಲ್ಲಿಯವರು, ಹಳಬರು.' ಮೇಷ್ಟ್ರು ಹೂಂಗುಟ್ಟಿದರು. ಇಲ್ಲಿಯವರು. ಈ ಮಾತು ಕೇಳಲು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದರು. ಈಗ ಬಂತು, ಬಿಸಿ ತುಪ್ಪವಾಗಿ ಬಂತು, ನುಂಗಲೂ ಆಗದು ಉಗುಳಲೂ ಆಗದು. ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಕೋತಿಗಾದರೂ ವೇದಿಕೆ ಹತ್ತಿ ಮೇಕೆಯ ಮೇಲೆ ಭಾಷಣ ಮಾಡುವ ಕಷ್ಟವಿರಲಿಲ್ಲ.

ಒಂದು ಕುರ್ಚಿಯನ್ನು ಸಾಲಿಗೆ ಎಳೆದಾಗ ಕಾಲು ನೆಲಕ್ಕೆ ಕಿರ್ರೆಂದಿತು. ಆ ಸದ್ದು ಗೊತ್ತು. ಮೆಟ್ಟಿಲಿನ ತಿರುವಿನಲ್ಲಿ ಅಪ್ಪ ಕುರ್ಚಿ ಎಳೆದ ಸದ್ದು. ಈ ದೇಶಕ್ಕೆ ಬಂದ ಮೊದಲ ಚಳಿಗಾಲ ಅಜ್ಜ ಸತ್ತ. ಸಾಮಾನು ಏನೂ ತರಲಾಗದಿದ್ದರೂ ಅಜ್ಜ ಹಟ ಹಿಡಿದು ಹೊತ್ತು ತಂದದ್ದು ತನ್ನ ಕೈಕುರ್ಚಿಯೊಂದನ್ನು; ಮನೆಯಲ್ಲಿ ಜಾಗವಿಲ್ಲದೆ ಮೆಟ್ಟಿಲಿನ ತಿರುವಿನಲ್ಲಿ ಇಟ್ಟಿತ್ತು, ಅಲ್ಲೇ ಕೂತು ಬೀದಿ ನೋಡುತ್ತಿದ್ದ. ಹೆಣ ಇಳಿಸಬೇಕು, ಕುರ್ಚಿ ಅಡ್ಡ. ಅಪ್ಪ ಅದನ್ನು ಎಳೆದು, ತಿರುಗಿಸಿ, ಗೋಡೆ ಕೆರೆದು, ಕೆಳಗೆ ಬೀದಿಯ ಬಾಗಿಲ ಮುಂದೆ ಇಟ್ಟು ಮೇಲೆ ಹೋದ. ಅಳುವ ಗದ್ದಲದಲ್ಲಿ ಮರೆತ. ಇವರು, ಚಡ್ಡಿ ಹಾಕುವ ಹುಡುಗ, ಅದರ ಪಕ್ಕದಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಬೇಕರಿಯವರು, ಅಂದರೆ ಈಗಿನ ಬೇಕರಿಯಮ್ಮನ ಅಪ್ಪ, ಹೊರಗೆ ಬಂದು ಖಾಲಿ ಕುರ್ಚಿಯನ್ನು ನೋಡಿ, ಹುಡುಗನನ್ನು ನೋಡಿ, ಒಳಗೆ ಹೋಗಿ ತಮ್ಮದೊಂದು ಕುರ್ಚಿ ತಂದು ತಮ್ಮ ಬಾಗಿಲಿಗೆ ಇಟ್ಟರು. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಅವರ ಪಕ್ಕದವರು. ಅಪ್ಪ ಅಜ್ಜನ ಹೆಣದ ಹಿಂದೆ ಕೆಳಗಿಳಿದು ಬಂದಾಗ ಬೀದಿ ತುಂಬ ಕುರ್ಚಿ. ಇದು ಈ ಬೀದಿಯವರ ಪದ್ಧತಿ, ನಮ್ಮ ಅಪ್ಪನಿಗೆ ಮರ್ಯಾದೆ ಮಾಡಿದರು ಎಂದುಕೊಂಡ ಅಪ್ಪ ಒಂದೊಂದು ಕುರ್ಚಿಯ ಮುಂದೂ ನಿಂತು ತಲೆ ಬಾಗಿಸಿದ. ಇದು ಆ ಮನೆಯವರ ಪದ್ಧತಿ ಎಂದುಕೊಂಡ ಬೀದಿಯವರೂ ಬಾಗಿಸಿದರು. ಅಲ್ಲಿಯವರೆಗೆ ಇವರ ಮನೆಯ ಕಡೆ ಕತ್ತೆತ್ತಿ ನೋಡದಿದ್ದ ಬೀದಿ ಅವತ್ತು ಸಂಜೆ ಅಪ್ಪನನ್ನು ಕೂರಿಸಿಕೊಂಡಿತು. ಆಮೇಲೆ ಬೇರೆಯವರ ಮನೆಯಲ್ಲಿ ಸಾವಾದಾಗ ಅಪ್ಪ ಎಲ್ಲರಿಗಿಂತ ಮೊದಲು ಕುರ್ಚಿ ಇಟ್ಟ, ಅವರ ಪದ್ಧತಿ ಎಂದು. ಅವರೂ ಇಟ್ಟರು, ಅಪ್ಪನಿಗೆ ಬೇಸರವಾಗಬಾರದೆಂದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಎತ್ತು ನಿಜವಾಗಿಯೂ ಈಯಿತು, ಕರುವೂ ಬೆಳೆಯಿತು.

ಹಿಟ್ಟಿನ ಗಿರಣಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಇದೇ ಬೀದಿಯ ಮುದುಕನನ್ನು ಅಪ್ಪ ಎಷ್ಟೋ ವರ್ಷದ ಮೇಲೆ ಕೇಳಿದನಂತೆ, ನಿಮ್ಮ ಈ ಕುರ್ಚಿ ಪದ್ಧತಿ ಯಾವ ಕಾಲದ್ದು ಎಂದು. 'ನಮ್ಮದೆಲ್ಲಿ? ನಿಮ್ಮದಲ್ವೇನೋ?' ಎಂದನಂತೆ ಮುದುಕ. ಅವತ್ತು ಸಂಜೆ ಮನೆಗೆ ಬಂದು ಅಪ್ಪ ನಕ್ಕ ನಗು! ಹುಬ್ಬಿನ ಹಿಟ್ಟೆಲ್ಲ ಉದುರುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾಗಿ, 'ಯಾರ ಹತ್ರಾನೂ ಬಾಯಿ ಬಿಡಬೇಡಿ. ಹೇಳಿದ್ರೆ ನಾಳೆ ಕುರ್ಚಿ ಒಳಗೆ ಹೋಗುತ್ತೆ' ಎಂದ. ಬಾಯಿ ಬಿಡದೆ ಇರುವುದು ಬೇರೆ, ಹೊಸ ಕತೆ ಕಟ್ಟುವುದು ಬೇರೆ. ಕಟ್ಟಿದವರು ಮೇಷ್ಟ್ರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಗತಿಯಲ್ಲಿ ಯಾರೋ ಕೇಳಿದರು, ತಲೆತಲಾಂತರದಿಂದ ಎಂಬ ಮಾತು ತಾನಾಗಿ ಬಂತು, ಹೇಳಿದ ಮೇಲೆ ಎದೆ ಹಗುರಾಯಿತು. ತಲೆತಲಾಂತರದ ಪದ್ಧತಿಯನ್ನು ಬಲ್ಲವನು ತಲೆತಲಾಂತರದಿಂದ ಇಲ್ಲಿಯವನೇ ಆಗಿರಬೇಕಲ್ಲ. ಮಕ್ಕಳು ಒಟ್ಟಾಗಿ ಅದನ್ನು ಮತ್ತೆ ಹೇಳಿದರು, ಮುಂದಿನ ಬೆಂಚಿನವಳು ಎಲ್ಲರಿಗಿಂತ ಗಟ್ಟಿಯಾಗಿ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರು. ಆರು ಕುರ್ಚಿಗಳಲ್ಲಿ ಒಂದರ ಮೇಲೆ ಕೂತು ಉಳಿದ ಐದರ ಮುಖ ನೋಡುತ್ತ ತಿನ್ನಬೇಕಾಗಿತ್ತು. ಅಮ್ಮ ಕಿಟಕಿಯ ಹತ್ತಿರ ಅಜ್ಜನ ಅದೇ ಕೈಕುರ್ಚಿಯಲ್ಲಿ ಕೂತಿದ್ದಳು. ಈಗ ಅದು ಅವಳದು. 'ಎದುರು ಕಿಟಕಿ ಮುದುಕಿ ಇವತ್ತು ಬರಲಿಲ್ಲ' ಎಂದಳು. ಅವರಿಬ್ಬರಿಗೂ ಪರಿಚಯವಿತ್ತು ಎಂದರೆ ಇತ್ತು, ಇಲ್ಲವೆಂದರೆ ಇಲ್ಲ. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಬೆಳಗ್ಗೆ ಇಬ್ಬರೂ ತಮ್ಮ ತಮ್ಮ ಕಿಟಕಿಗೆ ಬಂದು ಕೂರುತ್ತಿದ್ದರು. ಇವಳು ಕೆಮ್ಮಿದರೆ ಅವಳು ಕೈ ಎತ್ತುತ್ತಿದ್ದಳು, ಅವಳು ಕೆಮ್ಮಿದರೆ ಇವಳು. 'ತೀರಿಕೊಂಡರಂತೆ ಅಮ್ಮ' ಎಂದರು ಮೇಷ್ಟ್ರು. 'ಅದು ನನಗೆ ಗೊತ್ತಿಲ್ವಾ? ಕೆಮ್ಮು ನಿಂತಾಗಲೇ ಗೊತ್ತಾಯ್ತು. ಕುರ್ಚಿ ಎಲ್ಲಿ ಅಂತ ಕೇಳ್ತಿದೀನಿ. ಬೀದಿ ಬೋಳಾಗಿದೆ.' 'ಮನೆಯವರು ಮೊದಲು ಇಡಬೇಕು. ಅದು ಪದ್ಧತಿ.' ಅಮ್ಮ ತಿರುಗಿ ನೋಡಿದಳು. ಮಂಜುಗಣ್ಣಿನಲ್ಲಿ ಅಪ್ಪನ ನಗುವೇ ಬಂದ ಹಾಗಾಯಿತು, ಆದರೆ ನಗಲಿಲ್ಲ. 'ಪದ್ಧತಿ! ಯಾರ ಮುಂದೆ ಹೇಳ್ತಿದೀಯ? ಆ ಕುರ್ಚಿ ಮೆಟ್ಟಿಲಿಗೆ ಅಡ್ಡ ಬಂದಾಗ ಇನ್ನೊಂದು ಕಡೆ ಹಿಡಿದಿದ್ದೋಳು ನಾನು. ಪಾಪ ಆ ಗಂಡು ಬೆಳಗ್ಗೆ ಬಂದು ಕೇಳಿದ್ನಲ್ಲೋ, ಇಟ್ಕೊಂಡು ಇಲ್ಲ ಅಂದ್ಯಲ್ಲೋ. ಏಣಿ ಹತ್ತಿದೋನು ಏಣೀನೇ ಒದ್ದ ಅನ್ನೋ ಹಾಗಾಯ್ತು.' ಹೆಂಡತಿ ಪಾತ್ರೆ ಇಡುತ್ತಿದ್ದವಳು ನಿಂತುಬಿಟ್ಟಳು. ಅವಳಿಗೆ ಅತ್ತೆಯ ಮಾತು ಪೂರ್ತಿ ಬಾರದು, ಅರ್ಧ ಅರ್ಧ ಬರುತ್ತದೆ. ಬಂದ ಅರ್ಧವೇ ಸಾಕಾಗಿತ್ತು. 'ನೀವು ಯಾರೂ ಇಲ್ಲ ಅಂದ್ರಲ್ರೀ?' ಎಂದಳು. ಮೇಷ್ಟ್ರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. 'ಸಭೆಗೆ ಹೊತ್ತಾಯ್ತು.' 'ನೀನು ಹೋಗಪ್ಪ' ಎಂದಳು ಅಮ್ಮ. 'ಭಾಷಣ ಚೆನ್ನಾಗಿ ಮಾಡು.' ಬೈದಿದ್ದರೆ ಚೆನ್ನಾಗಿತ್ತು.

ಸಭೆಯಲ್ಲಿ ಅಧಿಕಾರಿ ವೇದಿಕೆ ಹತ್ತಿದವಳೇ ಮೇಷ್ಟ್ರ ಕಾಲಿಗೆ ಬಗ್ಗಿದಳು. 'ಇವರು ಹೇಳಿಕೊಟ್ಟಿದ್ದನ್ನೇ ನಾನು ಇಲಾಖೆಗೆ ಹೇಳಿದ್ದು' ಎಂದಳು. ಜನ ಚಪ್ಪಾಳೆ ತಟ್ಟಿದರು. ಒಂದು ದೇಶ ಅಂದರೆ ಏನು, ಗಡಿಯಲ್ಲ, ಇಂಥ ಸಣ್ಣ ಸಣ್ಣ ನಡವಳಿಕೆ, ಬೇರೆ ಯಾರೂ ಮಾಡದ್ದು, ನಾವು ಮಾತ್ರ ಮಾಡುವಂಥದ್ದು ಎಂದೆಲ್ಲ ಚೆನ್ನಾಗಿಯೇ ಮಾತಾಡಿದಳು. ಅಧ್ಯಕ್ಷರು ಹೊಸದಾಗಿ ಬಂದವರು ಇದನ್ನು ಕಲಿಯಬೇಕಾದ ಅಗತ್ಯದ ಬಗ್ಗೆ ಹೇಳಿ, ಕೆಮ್ಮಿ, ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಎದ್ದು ನಿಂತರು. ತಲೆತಲಾಂತರದಿಂದ ಎಂದು ಶುರುಮಾಡಬೇಕಿತ್ತು. ಎಷ್ಟು ಸಲ ಹೇಳಿದ ಮಾತು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದೂ ಗೊತ್ತಿದ್ದ ಮಾತು. ಎದುರಿಗೆ ಸಾಲು ಸಾಲು ಕುರ್ಚಿ, ಎಲ್ಲದರ ಮೇಲೂ ಜನ, ಎಲ್ಲರೂ ಆರಾಮಾಗಿ ಕೂತಿದ್ದಾರೆ. ಒಂದು ಕುರ್ಚಿ ಸಿಗದೆ ಹೋದವನು ಇದೇ ಬೀದಿಯ ಆ ತುದಿಯಲ್ಲಿ ತಾಯಿಯ ಪಕ್ಕ ನೆಲದ ಮೇಲೆ ಕೂತಿರಬೇಕು. 'ನಮ್ಮ ಬೀದಿಯಲ್ಲಿ' ಎಂದರು. ನೀರು ಕುಡಿದರು. 'ನಮ್ಮ ಬೀದಿಯಲ್ಲಿ ಇವತ್ತು' ಎಂದರು. ಮುಂದೆ ಹೋಗಲಿಲ್ಲ. ಗದ್ದದ ಗಾಯ ತುರಿಸುತ್ತಿತ್ತು. ಅಧ್ಯಕ್ಷರು ಹಲ್ಲು ಕಡಿಯುತ್ತ 'ಭಾವುಕರಾಗಿದ್ದಾರೆ' ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಧಿಕಾರಿ ಥಟ್ಟನೆ ಎದ್ದು ಮೇಷ್ಟ್ರ ಕೈ ಹಿಡಿದಳು. 'ಮಾತು ಬೇಡ ಮೇಷ್ಟ್ರೇ. ಬನ್ನಿ, ಬೀದೀಗೇ ಹೋಗೋಣ. ಕಲ್ಲು ಎಲ್ಲಿ ಹಾಕೋದು ತೋರಿಸಿ.' ಜನರೆಲ್ಲ ಹಿಂದೆ ಎದ್ದರು.

ತಿರುವು ದಾಟಿದ್ದೇ ಕಂಡಿತು. ಬೋಳು ಬೀದಿಯಲ್ಲಿ, ಇವರ ಮನೆಯ ಬಾಗಿಲ ಮುಂದೆ, ಅಜ್ಜನ ಕೈಕುರ್ಚಿ. ಅದರಲ್ಲಿ ಅಮ್ಮ ಕೂತಿದ್ದಳು. ಮಂಡಿ ಹೋದ ಮೇಲೆ ಬೀದಿಗೆ ಇಳಿಯದಿದ್ದವಳು. ಹಿಂದೆ ಬಾಗಿಲಿಗೆ ಒರಗಿ ಹೆಂಡತಿ ಏದುಸಿರು ಬಿಡುತ್ತ ನಿಂತಿದ್ದಳು, ತೋಳಿಗೆ ಗೋಡೆಯ ಸುಣ್ಣ ಮೆತ್ತಿತ್ತು. ಈ ಮನೆಗೆ ಬಂದಾಗಿನಿಂದ ಅತ್ತೆಯ ಜೊತೆ ಒಂದು ಕೊಡ ನೀರನ್ನೂ ಸೇರಿ ಎತ್ತದವಳು. ಎದುರಿಗೆ ಲಾಂಡ್ರಿಯ ಹೊಸ್ತಿಲ ಮುಂದೆ ಬುಟ್ಟಿ ಮತ್ತೆ ತನ್ನ ಜಾಗಕ್ಕೆ ಬಂದಿತ್ತು, ಮೇಲೆ ಬಿಳಿ ಬಟ್ಟೆ ನೇರವಾಗಿ ಹಾಸಿತ್ತು. ಗಾಡಿ ಬಂದು ನಿಂತಿತ್ತು, ಹೆಣ ಇನ್ನೂ ಇಳಿದಿರಲಿಲ್ಲ.

ಅಧ್ಯಕ್ಷರು ಓಡಿ ಹೋದರು. 'ಅಜ್ಜೀ, ಏಳಿ ಏಳಿ. ಗಾಡಿ ಹೋಗೋವರೆಗೆ ಕೂರಬಾರದು. ಅದೂ ಅಲ್ದೆ ಅವರು ಇಡದೆ ನೀವು ಇಡೋ ಹಾಗಿಲ್ಲ.' 'ಅವರು ಇಟ್ಟಿದ್ದಾರಲ್ಲಪ್ಪ' ಎಂದು ಅಮ್ಮ ಬುಟ್ಟಿಯ ಕಡೆ ಗದ್ದ ತೋರಿಸಿದಳು. 'ನಿಮಗೆ ಕಾಣದಿದ್ರೆ ನಾನೇನು ಮಾಡ್ಲಿ? ನನಗೇ ಕಾಣುತ್ತೆ, ಅರ್ಧ ಕುರುಡಿಗೆ.' ಬೀದಿಯ ಮಾತಿನಲ್ಲೇ ಆಡಿದಳು, ಒಂದೊಂದು ಪದವನ್ನೂ ಬಿಡಿಸಿ, ಅರ್ಥವಾಗಲಿಲ್ಲ ಎನ್ನಲು ಯಾರಿಗೂ ಜಾಗ ಬಿಡದ ಹಾಗೆ. 'ಕೂರಬಾರದು ಅಂತ ಯಾರು ಮಾಡಿದ್ದು? ಇದು ನನ್ನ ಮಾವನ ಕುರ್ಚಿ. ಹೆಣ ಇಳಿಸೋಕೆ ಅಡ್ಡ ಬಂತು ಅಂತ ನನ್ನ ಗಂಡ ಇದನ್ನ ಇಲ್ಲಿ ಇಟ್ಟ. ನಿಮ್ಮ ಹಿರಿಯರು ನೋಡಿ ಪಾಪ ಅವರೂ ಇಟ್ರು. ಅದಕ್ಕೆ ಮುಂಚೆ ಈ ಬೀದೀಲಿ ಕುರ್ಚಿನೂ ಇರಲಿಲ್ಲ, ನಮ್ಮನ್ನ ಮಾತಾಡಿಸೋರೂ ಇರಲಿಲ್ಲ.' ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಧ್ಯಕ್ಷರು ಅಧಿಕಾರಿಯ ಕಡೆ ತಿರುಗಿ, 'ವಯಸ್ಸಾಯ್ತು, ಅರಳು ಮರಳು' ಎಂದು ಸನ್ನೆ ಮಾಡಿದರು. ಅಧಿಕಾರಿ ನಗಲಿಲ್ಲ. 'ಮೇಷ್ಟ್ರೇ, ಅಜ್ಜಿ ಹೇಳ್ತಿರೋದು...?' ಎಂದು ಇವರ ಮುಖ ನೋಡಿದಳು. ಮುಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ಅದೇ ಕಣ್ಣು, ಇವರು ಏನು ಹೇಳಿದರೂ ನಂಬಲು ತಯಾರಾದ ಕಣ್ಣು.

ಅದೆಲ್ಲ ಸುಳ್ಳು ಎಂದರೆ ಸಾಕಿತ್ತು. ಅಷ್ಟೂ ಬೇಡ, ಅಧ್ಯಕ್ಷರ ಮಾತಿಗೆ ಸ್ವಲ್ಪ ತಲೆ ಆಡಿಸಿದ್ದರೆ ಸಾಕಿತ್ತು: ವಯಸ್ಸಾಗಿದೆ, ಪಾಪ, ಏನೇನೋ ಹೇಳ್ತಾಳೆ. ಕಲ್ಲು ನಿಲ್ಲುತ್ತಿತ್ತು, ಫಲಕ ಬರುತ್ತಿತ್ತು, ಇವರು ಇಲ್ಲಿಯವರಾಗಿ, ಹಳಬರಾಗಿ ಸಾಯಬಹುದಿತ್ತು. ಅಮ್ಮ ಇವರನ್ನು ನೋಡುತ್ತಿರಲಿಲ್ಲ. ಎದುರಿನ ಖಾಲಿ ಕಿಟಕಿಯನ್ನು ನೋಡುತ್ತಿದ್ದಳು. ಅವಸರದಲ್ಲಿ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಸೊಸೆಯ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಯಾರನ್ನೋ ಕರೀತಿರೋದು, ಎಂದು ಕಿವಿಯಲ್ಲಿ ಆ ಹಳೆಯ ಚೆಂಡಾಟದ ಗೆಳೆಯರು ಕೇಳಿದರು. 'ನನ್ನನ್ನೇ' ಎಂದುಬಿಟ್ಟರು ಮೇಷ್ಟ್ರು, ಗಟ್ಟಿಯಾಗಿ, ಯಾರಿಗೂ ಅರ್ಥವಾಗದ ಹಾಗೆ. ಆಮೇಲೆ, 'ಅಮ್ಮ ಹೇಳ್ತಿರೋದು ನಿಜ. ನಿನಗೆ ನಾನು ಪಾಠ ಮಾಡಿದ್ದು ಸುಳ್ಳು. ಅಡ್ಡ ಬಂತು ಅಂತಲೇ ಇಟ್ಟಿದ್ದು' ಎಂದರು.

'ಹಾಗಾದ್ರೆ ಇದು ನಮ್ಮ ಪದ್ಧತಿಯೇ ಅಲ್ವಾ?' ಎಂದರು ಅಧ್ಯಕ್ಷರು, ಜೇಬು ಕತ್ತರಿಸಿಕೊಂಡವರ ಹಾಗೆ. ಬೇಕರಿಯಮ್ಮ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. 'ನಮ್ಮದಲ್ದೆ ಇನ್ಯಾರದ್ರೀ? ನಮ್ಮಪ್ಪ ಸತ್ತ ದಿನ ಈ ಬೀದಿ ತುಂಬ ಕುರ್ಚಿ ಇತ್ತು. ಕೂತು ಮಾತಾಡ್ದೋರೆಲ್ಲ ಸುಳ್ಳಾ? ನಾನು ಅತ್ತಿದ್ದು ಸುಳ್ಳಾ? ಯಾರು ತಂದ್ರೆ ಏನು, ಇಟ್ಟೋರು ನಾವಲ್ವಾ?' ಎಂದು, ಉತ್ತರಕ್ಕೂ ಕಾಯದೆ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ಎತ್ತಿಕೊಂಡು ಬಂದಳು. 'ಮತ್ತೆ ಫಲಕದಲ್ಲಿ ಏನು ಬರೆಸೋದು?' ಎಂದಳು ಅಧಿಕಾರಿ, ತನಗೇ ಎಂಬಂತೆ. 'ಬರೆಯೋದು ಆಮೇಲೆ ನೋಡ್ಕೋ ಮಗಳೇ' ಎಂದಳು ಅಮ್ಮ. 'ಅಲ್ಲಿ ಒಬ್ಬಳು ಹೋಗ್ತಿದಾಳೆ, ಈಗ ತಲೆ ಬಾಗಿಸು.' ಅಧಿಕಾರಿ ಬುಟ್ಟಿಯ ಮುಂದೆ ಹೋಗಿ ನಿಂತಳು.

ಮೇಷ್ಟ್ರು ಮೆಟ್ಟಿಲು ಹತ್ತಿ ಒಳಗೆ ಹೋಗಿ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದರು. ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಎಳೆದರು, ತಿರುಗಿಸಿದರು, ಗೋಡೆ ಕೆರೆಯಿತು. ಸುಣ್ಣದ ಕೆಳಗೆ ಹಳೆಯ ಗೀರೊಂದು ಇತ್ತು, ಇದುವರೆಗೆ ನೋಡಿರಲಿಲ್ಲ. ಹೊತ್ತುಕೊಂಡು ಬೀದಿ ದಾಟಿ ಲಾಂಡ್ರಿಯ ಮುಂದೆ, ಬುಟ್ಟಿಯ ಪಕ್ಕದಲ್ಲಿ, ಬುಟ್ಟಿಯನ್ನು ಅಲುಗಿಸದೆ ಇಟ್ಟರು. ಬಗ್ಗಿ ಎದ್ದಾಗ ಲಾಂಡ್ರಿಯವನು ಹೊಸ್ತಿಲಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು. ಅವನು ಕುರ್ಚಿಯನ್ನು ನೋಡಿದ, ಇವರನ್ನು ನೋಡಿದ.

'ಶಾಲೆಯಿಂದ ವಾಪಸ್ ಬಂತಾ, ಅಣ್ಣ?' ಎಂದ.

ತಪ್ಪಿಸಿಕೊಳ್ಳಲು ಅವನೇ ಬಾಗಿಲು ತೆರೆದುಕೊಟ್ಟ ಹಾಗಿತ್ತು. ಹೌದು ಎಂದು ನುಸುಳಿಕೊಂಡಿದ್ದರೆ ಆಗುತ್ತಿತ್ತು. ಮೇಷ್ಟ್ರು ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡರು.

'ಇಲ್ಲಪ್ಪ. ಮನೇಲೇ ಇತ್ತು.'

'ನೋಡಿದ್ದೆ ಅಣ್ಣ' ಎಂದ ಲಾಂಡ್ರಿಯವನು. 'ಆರಿದ್ವು.'